ಬ್ರೇಕಿನಲ್ಲಿ ಕರಗುವ ಪೆಟ್ರೋಲ್

ಕಾರು ಕೊಳ್ಳಲು ಶೋರೂಮಿಗೆ ಹೋದ ಮಧ್ಯಮ ವರ್ಗದ ಕುಟುಂಬ ಬಣ್ಣಕ್ಕಿಂತ ಮೊದಲು ಮೈಲೇಜನ್ನು ವಿಚಾರಿಸುತ್ತದೆ, ಮಾರಾಟಗಾರನೂ ಪುಣೆಯ ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಪ್ರಮಾಣೀಕರಿಸಿದ ಅಂಕಿಯನ್ನು ಬಾಯಿಪಾಠವಾಗಿ ಒಪ್ಪಿಸುತ್ತಾನೆ. ಆ ಅಂಕಿ ಸುಳ್ಳಲ್ಲ. ಆದರೆ ಅದು ಪ್ರಯೋಗಶಾಲೆಯಲ್ಲಿ ಉರುಳೆಗಳ ಮೇಲೆ ನಿಲ್ಲಿಸಿ, ಎ.ಸಿ. ಆರಿಸಿ, ಮೊದಲೇ ಗೊತ್ತುಪಡಿಸಿದ ವೇಗಕ್ರಮದಲ್ಲಿ ಓಡಿಸಿದ ಕಾರಿಗೆ ಸಂದ ಅಂಕಿ. ಅಲ್ಲಿ ಹಂಪ್ ಇಲ್ಲ, ಎಡದಿಂದ ನುಗ್ಗುವ ಆಟೊ ಇಲ್ಲ, ಮುಖ್ಯವಾಗಿ ಅವಸರವಿರುವ ಮನುಷ್ಯನಿಲ್ಲ. ರಸ್ತೆಗಿಳಿದ ಮೇಲೆ ಒಂದೇ ಮಾದರಿಯ ಎರಡು ಕಾರುಗಳ ಮೈಲೇಜ್ ಬೇರೆಬೇರೆಯಾಗುವುದಕ್ಕೆ ಬಹುಮಟ್ಟಿಗೆ ಚಾಲಕರ ಬಲಗಾಲುಗಳೇ ಕಾರಣವೆಂಬುದನ್ನು ಒಪ್ಪಿಕೊಳ್ಳುವುದಕ್ಕಿಂತ, ಬಂಕಿನವನು ಪೆಟ್ರೋಲಿಗೆ ಏನೋ ಬೆರೆಸಿದ್ದಾನೆಂದು ನಂಬುವುದು ಮನಸ್ಸಿಗೆ ಹೆಚ್ಚು ಹಿತ.

ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು 3.2 ಕೋಟಿ ಜೂಲ್. ಅದರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಮಾತ್ರ ಚಕ್ರಗಳಿಗೆ ತಲುಪುತ್ತದೆ. ಉಳಿದುದು ಶಾಖವಾಗಿ ರೇಡಿಯೇಟರ್ ಮತ್ತು ಸೈಲೆನ್ಸರ್‌ಗಳ ಮೂಲಕ ಹೊರಬೀಳುತ್ತದೆ. ಈ ಸೋರಿಕೆಯ ಮೇಲೆ ಚಾಲಕನ ಹಿಡಿತ ಕಡಿಮೆ. ಆದರೆ ಚಕ್ರಕ್ಕೆ ತಲುಪಿದ ಕಾಲುಭಾಗವನ್ನು ಆತ ಏನು ಮಾಡುತ್ತಾನೆಂಬುದು ಪೂರ್ತಿ ಅವನಿಗೇ ಬಿಟ್ಟದ್ದು. ಸಾವಿರ ಕಿಲೋ ತೂಗುವ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿರುವಾಗ ಅದರ ಚಲನಶಕ್ತಿ, ಅಂದರೆ ಚಲನೆಯ ಕಾರಣದಿಂದಲೇ ವಸ್ತುವಿನಲ್ಲಿ ಇರುವ ಶಕ್ತಿ, ಸುಮಾರು 1.4 ಲಕ್ಷ ಜೂಲ್. ಬ್ರೇಕ್ ಒತ್ತಿ ಕಾರನ್ನು ಪೂರ್ತಿ ನಿಲ್ಲಿಸಿದರೆ ಅಷ್ಟೂ ಶಕ್ತಿ ಬ್ರೇಕಿನ ತಟ್ಟೆಗಳನ್ನು ಬಿಸಿಮಾಡುವುದರಲ್ಲಿ ಮುಗಿಯುತ್ತದೆ, ಮತ್ತೆ ಅದೇ ವೇಗಕ್ಕೇರಲು ಸುಮಾರು 17 ಮಿಲಿಲೀಟರ್ ಪೆಟ್ರೋಲ್ ಬೇಕಾಗುತ್ತದೆ. 80 ಕಿ.ಮೀ. ವೇಗದಿಂದ ನಿಂತರೆ ಈ ನಷ್ಟ 30 ಮಿಲಿಲೀಟರ್ ದಾಟುತ್ತದೆ, ಏಕೆಂದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ.

ಊರಿಗೊಂದರಂತೆ ಹಂಪ್ ಎದುರಾಗುವ ರಾಜ್ಯ ಹೆದ್ದಾರಿಯಲ್ಲಿ ಈ ಲೆಕ್ಕ ಕಣ್ಣಿಗೆ ಕಟ್ಟುತ್ತದೆ. ಹಂಪಿನ ತಲೆಯವರೆಗೆ ರಭಸದಿಂದ ಬಂದು, ಬ್ರೇಕ್ ತುಳಿದು, ದಾಟಿದ ಕ್ಷಣವೇ ಎರಡನೆಯ ಗೇರಿನಲ್ಲಿ ಎಂಜಿನ್ ಕಿರುಚುವಂತೆ ಆಕ್ಸಿಲರೇಟರ್ ಒತ್ತುವವನು ಪ್ರತಿ ಹಂಪಿಗೂ ಸುಂಕ ಕಟ್ಟುತ್ತಾನೆ. ನೂರು ಮೀಟರ್ ಮೊದಲೇ ಎಚ್ಚರಿಕೆಯ ಫಲಕವನ್ನು ಕಂಡು ಕಾಲೆತ್ತುವವನ ಕಾರು ತನ್ನ ಗಳಿಕೆಯ ವೇಗದಲ್ಲೇ ಅಷ್ಟು ದೂರ ಸಾಗಿ, ತಾನಾಗಿ ನಿಧಾನಿಸಿ, ಬ್ರೇಕಿಗೆ ಉಳಿಸುವುದು ಅಲ್ಪಸ್ವಲ್ಪವನ್ನು ಮಾತ್ರ. ಸಾರಿಗೆ ನಿಗಮದ ಡಿಪೋಗಳಲ್ಲಿ ಚಾಲಕರ ಕೆ.ಎಂ.ಪಿ.ಎಲ್., ಅಂದರೆ ಒಂದು ಲೀಟರ್ ಡೀಸೆಲ್‌ಗೆ ಬಸ್ಸು ಕ್ರಮಿಸಿದ ಕಿಲೋಮೀಟರ್, ಲೆಕ್ಕಕ್ಕೆ ಸಿಗುವ ಅಂಕಿ. ಅಲ್ಲಿ ಅನುಭವಿ ಚಾಲಕನೊಬ್ಬ ಮುಂದಿನ ನಿಲ್ದಾಣದ ಎಷ್ಟೋ ಮೊದಲೇ ಕಾಲು ಸಡಿಲಿಸುವುದನ್ನು ಗಮನಿಸಿದವರಿಗೆ ಮಿತವ್ಯಯವೆಂದರೆ ನಿಧಾನವಾಗಿ ಓಡಿಸುವುದಲ್ಲ, ಮುಂದೆ ನೋಡಿ ಓಡಿಸುವುದು ಎಂಬುದು ತಿಳಿಯುತ್ತದೆ.

ನಿಧಾನಕ್ಕೂ ಅದರದೇ ಪಾಲಿದೆ. ಗಾಳಿಯ ಪ್ರತಿರೋಧವೂ ವೇಗದ ವರ್ಗದಂತೆ ಏರುವುದರಿಂದ 80ರಿಂದ 100 ಕಿ.ಮೀ.ಗೆ ಹೋದಾಗ ಅದು ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಇಂಧನ ಉಳಿತಾಯದ ಪ್ರಚಾರ ನಡೆಸುವ ಕೇಂದ್ರ ಸರ್ಕಾರದ ಸಂಸ್ಥೆ ಪಿ.ಸಿ.ಆರ್.ಎ. ಸೂಚಿಸುತ್ತ ಬಂದಿರುವ 45ರಿಂದ 55 ಕಿ.ಮೀ. ವೇಗವನ್ನು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಪಾಲಿಸಹೊರಟರೆ ಹಿಂದಿನವರ ಹಾರ್ನ್ ಕೇಳಬೇಕಾದೀತು. ಆದರೆ ಅಲ್ಲಿಯೇ 120 ಕಿ.ಮೀ. ದೂರವನ್ನು ನೂರರ ಬದಲು ಎಂಬತ್ತರಲ್ಲಿ ಕ್ರಮಿಸಿದರೆ ತಡವಾಗುವುದು ಕೇವಲ 18 ನಿಮಿಷ, ಅಷ್ಟನ್ನು ಕೆಂಗೇರಿಯ ದಟ್ಟಣೆ ಹೇಗೂ ನುಂಗಿಹಾಕುತ್ತದೆ.

ಕಾರಿನ ಆರೈಕೆಯಲ್ಲಿ ಅತಿ ಅಗ್ಗದ್ದೂ ಅತಿ ನಿರ್ಲಕ್ಷಿತವಾದುದೂ ಟಯರಿನ ಗಾಳಿ. ಗಾಳಿ ಕಡಿಮೆಯಾದ ಟಯರ್ ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಬಾಗಿ ಹಿಗ್ಗುತ್ತ, ಆ ಬಾಗುವಿಕೆಯಲ್ಲಿ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಎಷ್ಟು ಗಾಳಿ ಬೇಕೆಂಬುದನ್ನು ಕಾರು ತಯಾರಕರು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುತ್ತಾರೆ, ಆದರೂ ಗಾಳಿ ಹಿಡಿಯುವ ಹುಡುಗ "ಎಷ್ಟು ಹಾಕಲಿ ಸಾರ್?" ಎಂದಾಗ "ನೀನೇ ನೋಡಿ ಹಾಕಪ್ಪ" ಎಂಬ ಉತ್ತರವೇ ರೂಢಿಯಲ್ಲಿದೆ. ಟಯರ್ ತಣ್ಣಗಿರುವಾಗ ಅಳೆದ ಒತ್ತಡವೇ ಸರಿಯಾದದ್ದು, ದೂರ ಓಡಿ ಬಿಸಿಯಾದ ಮೇಲೆ ಅದು ಏರಿರುತ್ತದೆ. ಸರಿಯಾದ ದರ್ಜೆಯ ಎಂಜಿನ್ ಆಯಿಲ್, ವೀಲ್ ಅಲೈನ್‌ಮೆಂಟ್, ಖಾಲಿಯಿದ್ದರೂ ಗಾಳಿಗೆ ಎದೆಯೊಡ್ಡುವ ಛಾವಣಿಯ ಕ್ಯಾರಿಯರ್ ಇವೆಲ್ಲ ಇದರ ನಂತರದವು. ಇನ್ನು ಬೆಳಗಿನ ಜಾವ ಪೆಟ್ರೋಲ್ ಹಾಕಿಸಿದರೆ ಹೆಚ್ಚು ಸಿಗುತ್ತದೆಂಬ ನಂಬಿಕೆಯ ವಿಚಾರ: ಪೆಟ್ರೋಲ್ ಹತ್ತು ಡಿಗ್ರಿ ಬಿಸಿಯಾದರೆ ಸುಮಾರು ಶೇ. 1ರಷ್ಟು ಹಿಗ್ಗುವುದು ನಿಜ, ಆದರೆ ಬಂಕಿನ ಟ್ಯಾಂಕ್ ನೆಲದಡಿ ಹೂತಿರುವುದರಿಂದ ಅದರ ಉಷ್ಣತೆ ಹಗಲಿರುಳಿಗೆ ಹಾಗೆ ಏರಿಳಿಯುವುದಿಲ್ಲ.

ಇದಕ್ಕಿಂತ ಅಪಾಯಕಾರಿಯಾದ ನಂಬಿಕೆ ಘಾಟಿಯದು. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ಗೇರನ್ನು ನ್ಯೂಟ್ರಲ್‌ಗೆ ತಂದರೆ ಪೆಟ್ರೋಲ್ ಉಳಿಯುತ್ತದೆಂಬುದು ಕಾರ್ಬ್ಯುರೇಟರ್ ಕಾಲದ ತಿಳಿವಳಿಕೆ. ಗಾಳಿಯ ಸೆಳೆತದಿಂದ ಪೆಟ್ರೋಲನ್ನು ಹೀರಿ ಬೆರೆಸುತ್ತಿದ್ದ ಆ ಸಾಧನ, ಎಂಜಿನ್ ತಿರುಗುತ್ತಿರುವಷ್ಟು ಕಾಲ ಸ್ವಲ್ಪವಾದರೂ ಇಂಧನ ಕೊಡುತ್ತಲೇ ಇರುತ್ತಿತ್ತು. ಇಂದಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಇಂಧನ ಸಿಂಪಡಿಸುವುದನ್ನು ಗಣಕವೊಂದು ನಿಯಂತ್ರಿಸುತ್ತದೆ. ಕಾರು ಗೇರಿನಲ್ಲಿದ್ದು, ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ದು, ಎಂಜಿನ್ ಸಾಕಷ್ಟು ವೇಗವಾಗಿ ತಿರುಗುತ್ತಿದ್ದರೆ ಅದು ಇಂಧನವನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ, ಆಗ ಎಂಜಿನನ್ನು ತಿರುಗಿಸುವುದು ಇಳಿಜಾರಿನಲ್ಲಿ ಉರುಳುವ ಚಕ್ರಗಳೇ. ನ್ಯೂಟ್ರಲ್‌ಗೆ ಹಾಕಿದೊಡನೆ ಆ ಸಂಬಂಧ ಕಡಿದು, ಎಂಜಿನ್ ಆರದಿರಲೆಂದು ಗಣಕ ಮತ್ತೆ ಪೆಟ್ರೋಲ್ ಕೊಡತೊಡಗುತ್ತದೆ. ಉಳಿತಾಯಕ್ಕೆಂದು ಮಾಡಿದ್ದು ಖರ್ಚಾಗುವುದಲ್ಲದೆ, ಎಂಜಿನ್ನಿನ ತಡೆ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು, ತಿರುವಿನಿಂದ ತಿರುವಿಗೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇನ್ನೂ ಜಾಣರಾಗಿ ಕೀಲಿ ತಿರುಗಿಸಿ ಎಂಜಿನನ್ನೇ ಆರಿಸಿ ಇಳಿಯುವವರಿಗೆ ಸ್ಟೇರಿಂಗ್ ಬಿಗಿಯಾಗುತ್ತದೆ, ನಾಲ್ಕಾರು ಬಾರಿ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಏಕೆಂದರೆ ಈ ಎರಡಕ್ಕೂ ಬಲ ತುಂಬುತ್ತಿದ್ದುದು ಓಡುತ್ತಿದ್ದ ಎಂಜಿನ್ನೇ.