ಗೋಧಿಯ ಹಣದಲ್ಲಿ ಬಂದ ಗ್ರಂಥಗಳು

ನಮ್ಮ ಗುರುಗಳ ಗುರುಗಳು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ವ್ಯಾಸಂಗ ಮಾಡುತ್ತಿದ್ದ ಕಾಲಕ್ಕೆ ಆಂಗ್ಲ ಸಾಹಿತ್ಯವೆಂದರೆ ಇಂಗ್ಲೆಂಡಿನ ಸಾಹಿತ್ಯವೇ ಹೊರತು ಅನ್ಯವಲ್ಲ. ಎಮರ್ಸನ್ನನಾಗಲಿ ವಿಟ್ಮನ್ನನಾಗಲಿ ಆ ತರಗತಿಯನ್ನು ಪ್ರವೇಶಿಸಬೇಕಾಗಿದ್ದರೆ ಅಧ್ಯಾಪಕರ ಸ್ವಂತ ಅಭಿರುಚಿಯೆಂಬ ಹಿತ್ತಿಲ ಬಾಗಿಲಿನಿಂದಲೇ ಬರಬೇಕಾಗಿದ್ದಿತು. ಅವರಿಗಾಗಿ ತಲೆಬಾಗಿಲನ್ನು ತೆರೆಸಿದವರು ಪ್ರೊ. ಸಿ.ಡಿ. ನರಸಿಂಹಯ್ಯನವರು. ಕೇಂಬ್ರಿಡ್ಜಿನಲ್ಲಿ ಎಫ್.ಆರ್. ಲೀವಿಸರ ಶಿಷ್ಯರಾಗಿದ್ದು, ಅನಂತರ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿಯೂ ಕೆಲಕಾಲವಿದ್ದು ಮರಳಿದ ಅವರು, 1952ರಲ್ಲಿ ‘ದಿ ಲಿಟರರಿ ಕ್ರೈಟೀರಿಯನ್’ ಪತ್ರಿಕೆಯನ್ನು ಆರಂಭಿಸಿದರು. ಅಮೆರಿಕದ ಬರಹವನ್ನೂ ಕಾಮನ್‌ವೆಲ್ತ್ ದೇಶಗಳ ಬರಹವನ್ನೂ ಭಾರತೀಯರ ಇಂಗ್ಲಿಷ್ ಬರಹವನ್ನೂ ಪಠ್ಯಕ್ರಮದ ಪಂಕ್ತಿಯಲ್ಲಿ ಕೂಡಿಸಿದರು.

ಎಪ್ಪತ್ತರ ದಶಕದ ನಡುವಿನಲ್ಲಿ, ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ ಅರಸೀಕೆರೆಯಲ್ಲಿ ಬದಲಾಯಿಸಿ ಮಾನಸಗಂಗೋತ್ರಿಯನ್ನು ಸೇರಿದ ಹೊಳಲ್ಕೆರೆ ಸೀಮೆಯ ನನ್ನಂಥವನಿಗೆ, ಈ ಪರಿವರ್ತನೆಯ ಹಿಂದಿದ್ದ ವಾದವಿವಾದಗಳು ಯಾವುವೂ ತಿಳಿದಿರಲಿಲ್ಲ. ದೆಹಲಿಯ ಯುರೇಷಿಯಾ ಪಬ್ಲಿಷಿಂಗ್ ಹೌಸಿನವರು ಅಗ್ಗದ ಬೆಲೆಗೆ ಹೊರತಂದಿದ್ದ ಅಮೆರಿಕನ್ ಸಾಹಿತ್ಯದ ಸಂಕಲನಗಳನ್ನು ಹಿರಿಯ ವಿದ್ಯಾರ್ಥಿಗಳಿಂದ ಅರ್ಧ ಬೆಲೆಗೆ ಕೊಂಡು, ಬೈಂಡು ಹಾಕಿಸಿಕೊಂಡು ಓದುತ್ತಿದ್ದೆವು. 1833ರಿಂದಲೇ ಬಾಸ್ಟನ್ನಿನ ಹಡಗುಗಳು ಮಂಜುಗಡ್ಡೆಯನ್ನು ಕಲ್ಕತ್ತೆಗೆ ತಂದು ಮಾರುತ್ತಿದ್ದುವೆಂಬ ಸಂಗತಿಯೂ, ವಾಲ್ಡನ್ ಕೊಳದ ಮಂಜುಗಡ್ಡೆಯನ್ನು ಕೊಯ್ಯುತ್ತಿದ್ದವರನ್ನು ನೋಡುತ್ತ ಥೋರೋ ಭಗವದ್ಗೀತೆಯನ್ನು ಸ್ಮರಿಸಿದನೆಂಬ ಸಂಗತಿಯೂ ನನಗೆ ಗೊತ್ತಾದುದು ಆ ದಿನಗಳಲ್ಲಿಯೇ. ಆದರೆ ಎಮರ್ಸನ್ನನ ಪ್ರತಿ ಪುಟದಲ್ಲಿಯೂ ಉಪನಿಷತ್ತನ್ನು ಕಂಡು ಪುಳಕಿತರಾಗುವ ಒಂದು ಚಟ ಆಗ ನಮ್ಮ ದೇಶದ ವಿದ್ವಾಂಸರಲ್ಲಿ ವ್ಯಾಪಕವಾಗಿದ್ದಿತು. ನಮ್ಮ ಮನೆಯ ಪಾತ್ರೆಯನ್ನೇ ನಮಗೆ ಉಡುಗೊರೆಯಾಗಿ ಕೊಟ್ಟಂತಿದ್ದ ಆ ಸಂತೋಷದಲ್ಲಿ ನಾನು ಹೆಚ್ಚು ಕಾಲ ಪಾಲುಗೊಳ್ಳಲಾರದೆ ಹೋದೆ.

ಆ ಗ್ರಂಥಗಳು ಬಂದ ದಾರಿಯೂ ಸ್ವಾರಸ್ಯವಾದುದು. ಅಮೆರಿಕದ 1954ರ ‘ಪಿ.ಎಲ್. 480’ ಎಂಬ ಕಾಯಿದೆಯ ಒಂದು ಅಂಗವಾಗಿ ದಾನದ ಧಾನ್ಯ ಬರುತ್ತಿದ್ದಿತು. ನಮ್ಮ ಊರಿನ ಶಾಲೆಯಲ್ಲಿ ಮಧ್ಯಾಹ್ನ ಹಂಚುತ್ತಿದ್ದ ಕೇರ್ ಉಪ್ಪಿಟ್ಟೂ ಹಾಲಿನ ಪುಡಿಯೂ ಆ ಜಾತಿಯವು, ಮತ್ತು ಕೈಗೆ ಕೈ ಹಿಡಿದ ಚಿತ್ರವಿದ್ದ ಆ ಚೀಲಗಳು ಬರಿದಾದ ಮೇಲೆ ಮನೆಮನೆಯ ಜಗಲಿಯ ಹಾಸುಗಳಾಗುತ್ತಿದ್ದುವು. ಮತ್ತೊಂದು ಅಂಗವಾಗಿ ಮಾರಾಟಕ್ಕೆ ಬಂದ ಗೋಧಿಗೆ ಭಾರತ ಸರ್ಕಾರವು ರೂಪಾಯಿಗಳಲ್ಲಿಯೇ ಬೆಲೆ ತೆರುತ್ತಿದ್ದುದರಿಂದ, ಆ ಹಣ ಇಲ್ಲಿಯೇ ರಾಶಿಬಿದ್ದು, ಅದರ ಒಂದಂಶ ವಿದ್ಯೆಯ ಕಡೆಗೆ ಹರಿಯಿತು. 1964ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಆವರಣದಲ್ಲಿ ಸ್ಥಾಪಿತವಾದ ಅಮೆರಿಕನ್ ಅಧ್ಯಯನ ಸಂಶೋಧನ ಕೇಂದ್ರವು ಬೆಳೆದುದು ಈ ಹಣದಿಂದ. ಉದ್ಯೋಗಕ್ಕೆ ಸೇರಿದ ಮೇಲೆ, ಬಳ್ಳಾರಿ ಗುಂತಕಲ್ಲುಗಳ ಮಾರ್ಗವಾಗಿ ಹೋಗಿ, ಅವರು ಕೊಡುತ್ತಿದ್ದ ಅಲ್ಪ ಧನಸಹಾಯದಲ್ಲಿ ಬೇಸಗೆಯ ರಜೆಯನ್ನು ಅಲ್ಲಿ ಕಳೆದುದುಂಟು. ಕಪಾಟಿನ ಬೀಗದ ಕೈಗಾಗಿ ಗುಮಾಸ್ತರ ಮುಂದೆ ನಿಂತು ರೂಢಿಯಾಗಿದ್ದ ನಮಗೆ, ಬೇಕಾದ ಪುಸ್ತಕವನ್ನು ನಾವೇ ಕೈಯಿಟ್ಟು ತೆಗೆದುಕೊಳ್ಳಬಹುದಾದ ಆ ಗ್ರಂಥಭಂಡಾರವೇ ಸಾಕ್ಷಾತ್ ಅಮೆರಿಕವಾಗಿ ತೋರಿತು. ಶೀತಲ ಸಮರದ ಕಾಲದಲ್ಲಿ ನಮ್ಮಲ್ಲಿ ಅವರ ಬಗ್ಗೆ ಸದ್ಭಾವ ಬೆಳೆಯಲೆಂದು ಆ ದೇಶವು ಇಷ್ಟೆಲ್ಲ ವ್ಯಯಮಾಡುತ್ತಿದೆಯೆಂಬುದು ಅಲ್ಲಿ ಓದುತ್ತಿದ್ದ ಯಾರಿಗೂ ಗುಟ್ಟಾಗಿರಲಿಲ್ಲ.

ನಾನು ಅಧ್ಯಾಪಕನಾಗಿದ್ದ ಚಿತ್ರದುರ್ಗದಲ್ಲಿ ಆ ಸದ್ಭಾವದ ಬೀಜ ಬೇರೆಯೇ ಬಗೆಯಲ್ಲಿ ಮೊಳೆಯಿತು. ನನ್ನ ತರಗತಿಗೆ ಬರುತ್ತಿದ್ದವರು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಿಂದ ಬಂದು ಹಾಸ್ಟೆಲುಗಳಲ್ಲಿದ್ದ ಹುಡುಗರು. ಇವರಿಗೆ ಹೆಮಿಂಗ್ವೆಯ ಮುದುಕ ಬೆಸ್ತನನ್ನು ಪರಿಚಯಿಸುವುದು ಸುಲಭವಾಗಿರಲಿಲ್ಲ. ಸಮುದ್ರವನ್ನು ಕಂಡವರೇ ವಿರಳ, ಮಾರಿಕಣಿವೆಯ ಹಿನ್ನೀರಿನ ತೆಪ್ಪವೇ ಅವರ ಪಾಲಿನ ನೌಕೆ. ಆದರೆ 1939ರಲ್ಲಿ ಪ್ರಕಟವಾದ ಸ್ಟೈನ್‌ಬೆಕ್ಕನ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಗೆ ಪೀಠಿಕೆಯೇ ಬೇಕಾಗಲಿಲ್ಲ. ಮಳೆಯಿಲ್ಲದೆ ಧೂಳಾದ ಹೊಲ, ತೀರದ ಸಾಲ, ಗಂಟುಮೂಟೆ ಕಟ್ಟಿಕೊಂಡು ಒಕ್ಲಹೋಮದಿಂದ ಕ್ಯಾಲಿಫೋರ್ನಿಯಕ್ಕೆ ಕೂಲಿಯನ್ನರಸಿ ಹೊರಟ ಸಂಸಾರ, ಇವೆಲ್ಲವನ್ನೂ ಕಾಫಿಯ ತೋಟಗಳಿಗೆ ಗುಳೆ ಹೋದವರ ಮನೆಯ ಮಕ್ಕಳು ಅಮೆರಿಕದ ವೃತ್ತಾಂತವೆಂದು ಭಾವಿಸಿದಂತೆ ಕಾಣಲಿಲ್ಲ. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮಾರಿಕಣಿವೆಯ ವಾಣಿವಿಲಾಸ ಸಾಗರವು ಅವರ ಕಾಲದಲ್ಲಿ ಮತ್ತೆ ಕೋಡಿಯನ್ನು ಕಂಡಿರಲಿಲ್ಲ. ಒಕ್ಕಲುಗಳ ಮನೆಗಳನ್ನು ಟ್ರಾಕ್ಟರು ಕೆಡಹುವ ಭಾಗವನ್ನು ನಾನು ಆವೇಶದಿಂದ ವಿವರಿಸಿ ಮುಗಿಸಿದಾಗ, ಹಿರಿಯೂರು ಕಡೆಯ ಹುಡುಗನೊಬ್ಬ ಎದ್ದು ನಿಂತು, ‘ಅಲ್ಲ ಸಾ, ಅವರ್ಯಾಕೆ ಒಂದು ಬೋರು ಕೊರೆಸಿ ನೋಡ್ಲಿಲ್ಲ?’ ಎಂದು ಕೇಳಿದನು. ಯಾವ ವಿಮರ್ಶಾಗ್ರಂಥದಲ್ಲಿಯೂ ಈ ಪ್ರಶ್ನೆಯನ್ನು ನಾನು ಓದಿರಲಿಲ್ಲ. ಬ್ಯಾಂಕಿನವರು ಕೊಳವೆಬಾವಿಗೆ ಸಾಲ ಕೊಡುತ್ತಿದ್ದರೆ ಇಲ್ಲವೆ ಎಂಬಲ್ಲಿಗೆ ಚರ್ಚೆ ಹೋಗಿ, ಆ ದಿನದ ಪಾಠ ಅಲ್ಲಿಗೇ ನಿಂತಿತು.

ಇದಕ್ಕಿಂತ ಗಂಭೀರವಾದ ಓದು ತರಗತಿಯ ಹೊರಗೆ ನಡೆಯುತ್ತಿದ್ದಿತು. 1973ರ ಬೂಸಾ ಪ್ರಕರಣದ ಬಿಸಿ ಇನ್ನೂ ಆರಿರಲಿಲ್ಲ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಹೊರಬಂದು ಕೈಯಿಂದ ಕೈಗೆ ದಾಟುತ್ತಿದ್ದಿತು. ಮುಂಬಯಿಯ ದಲಿತ ಪ್ಯಾಂಥರರು ತಮ್ಮ ಹೆಸರನ್ನೇ ಅಮೆರಿಕದ ಕರಿಯರ ಚಳವಳಿಯಿಂದ ಪಡೆದಿದ್ದರೆಂಬುದನ್ನು ಬಲ್ಲ ಹಾಸ್ಟೆಲಿನ ವಿದ್ಯಾರ್ಥಿಗಳು, ಪಠ್ಯದಲ್ಲಿಲ್ಲದ ರಿಚರ್ಡ್ ರೈಟನನ್ನೂ ಜೇಮ್ಸ್ ಬಾಲ್ಡ್‌ವಿನ್ನನನ್ನೂ ನನ್ನಿಂದ ಎರವಲು ಪಡೆದು, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದರು. ಸದ್ಭಾವದ ಹಣದಲ್ಲಿ ಬಂದ ಪುಸ್ತಕಗಳಿಂದ ಅವರು ಕಲಿತುದು ಕೋಪವನ್ನು. ಅದು ಕೊಟ್ಟವರ ಉದ್ದೇಶವಲ್ಲದಿದ್ದರೂ, ಆ ಹಣದ ಅತ್ಯಂತ ಸಾರ್ಥಕವಾದ ವಿನಿಯೋಗ ಅದೇ ಎಂದು ನಾನು ಆಗಲೂ ತಿಳಿದಿದ್ದೆ, ಈಗಲೂ ತಿಳಿದಿದ್ದೇನೆ.

ಅನಂತರದ ಸಂಗತಿಗಳನ್ನು ವಿಸ್ತರಿಸಬೇಕಾದುದಿಲ್ಲ. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯವೂ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವೂ ಬಂದು, ಮೈಸೂರಿನೊಡನೆ ಇದ್ದ ನಮ್ಮ ಜಿಲ್ಲೆಯ ಹಳೆಯ ಸಂಬಂಧ ಕಡಿಯಿತು. ಶೀತಲ ಸಮರ ಮುಗಿದ ಮೇಲೆ ಹೈದರಾಬಾದಿನ ಕೇಂದ್ರಕ್ಕೆ ಅಮೆರಿಕದ ನೆರವು ಕ್ಷೀಣಿಸಿ, ಅದು ಹೆಸರನ್ನೂ ಸ್ವರೂಪವನ್ನೂ ಬದಲಿಸಿಕೊಂಡಿತು. ಹೊಳಲ್ಕೆರೆಯ ಅಡಕೆ ತೋಟದವರ ಮಕ್ಕಳು ಈಗ ಅಮೆರಿಕದಲ್ಲಿಯೇ ಇದ್ದು, ವೀಸಾದ ನಿಯಮಗಳನ್ನು ನಮ್ಮ ಕಾಲದ ಪ್ರಾಧ್ಯಾಪಕರು ಅಲ್ಲಿನ ಸಂವಿಧಾನವನ್ನು ಬಲ್ಲುದಕ್ಕಿಂತ ಚೆನ್ನಾಗಿ ಬಲ್ಲರು. ಆದರೆ ಲಿಂಕನ್ನನ ಕಾಲದ ಅಂತರ್ಯುದ್ಧ ಏಕೆ ನಡೆಯಿತೆಂದು ಕೇಳಿದರೆ ಮೊಬೈಲನ್ನು ತೆಗೆಯುತ್ತಾರೆ.

ಈಚೆಗೆ ನನ್ನ ಶಿಷ್ಯರೇ ಆದ ಅಧ್ಯಾಪಕರೊಬ್ಬರು ಟೋನಿ ಮಾರಿಸನ್ನರ ಕಾದಂಬರಿಯನ್ನೂ ದೇವನೂರ ಮಹಾದೇವರ ‘ಒಡಲಾಳ’ವನ್ನೂ ಎದುರುಬದುರಾಗಿಟ್ಟು ಪಾಠ ಹೇಳುವುದನ್ನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿ, ಬಹಳ ಸಂತೋಷಪಟ್ಟೆ. ಆದರೆ ಮೆಲ್ವಿಲನ ‘ಮೋಬಿ ಡಿಕ್’ ಏಕಿಲ್ಲವೆಂದು ವಿಚಾರಿಸಿದಾಗ ಅವರು, ‘ಬಹಳ ದೊಡ್ಡದಾಯ್ತು ಸಾರ್’ ಎಂದರು. ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ನಿದ್ದೆಗೆಟ್ಟು ಓದಿ ಮುಗಿಸುವ ಊರಿನಲ್ಲಿ ಇದೂ ಒಂದು ಕಾರಣವೇ ಎಂದು ನಾನು ಆಕ್ಷೇಪಿಸಲು, ‘ಅದಕ್ಕೆ ಪರೀಕ್ಷೆ ಇರಲ್ವಲ್ಲ ಸಾರ್’ ಎಂದು ನಕ್ಕು, ಮುಂದಿನ ತರಗತಿಗೆ ಹೊರಟರು.