ಮಿಲಿಮೀಟರ್ ಲೆಕ್ಕ

ನನ್ನ ಸಹೋದ್ಯೋಗಿಯೊಬ್ಬನಿಗೆ ಕಳೆದ ತಿಂಗಳು ಒಳ್ಳೇ ಕೆಲಸದ ಆಫರ್ ಬಂದಿತ್ತು. ಸಂಬಳ ಜಾಸ್ತಿ, ಅವನಿಗೆ ಇಷ್ಟವಾದ ಕೆಲಸ ಕೂಡ. ಬೇಡ ಅಂದುಬಿಟ್ಟ. ಯಾಕೋ ಅಂದ್ರೆ, "ಮೆಟ್ರೋ ಸ್ಟೇಷನ್ನಿನಿಂದ ಆ ಆಫೀಸಿಗೆ ಒಂದೂವರೆ ಕಿಲೋಮೀಟರ್ ಇದೆ ಗುರು" ಅಂದ. ಅವನು ವೀಲ್‌ಚೇರ್ ಬಳಸ್ತಾನೆ.

ನಮ್ಮ ಮೆಟ್ರೋ ಬಗ್ಗೆ ಅವನ ದೂರಿಲ್ಲ. 2011ರ ಅಕ್ಟೋಬರಿನಲ್ಲಿ ಬೆಂಗಳೂರಲ್ಲಿ ಅದು ಓಡಲು ಶುರುವಾದಾಗಿನಿಂದ ಸ್ಟೇಷನ್ನಿನಲ್ಲಿ ಲಿಫ್ಟ್ ಇದೆ, ಬೋಗಿಯಲ್ಲಿ ವೀಲ್‌ಚೇರಿಗೆ ಜಾಗ ಇದೆ, ಪ್ಲಾಟ್‌ಫಾರ್ಮೂ ರೈಲಿನ ನೆಲವೂ ಹೆಚ್ಚುಕಡಿಮೆ ಒಂದೇ ಮಟ್ಟ. "ಒಳಗೆ ನಾನು ರಾಜ, ಹೊರಗೆ ಬಂದ ತಕ್ಷಣ ಲಗೇಜು" ಅಂತ ನಗ್ತಾನೆ.

ಹಾಗಾದ್ರೆ ಸ್ಟೇಷನ್ನಿನಿಂದ ಬಸ್ ಹತ್ತಬಹುದಲ್ವಾ? ಇಂಜಿನಿಯರಿಂಗ್ ಓದಿದವನು ನೋಡಿ, ಲೆಕ್ಕ ಹಾಕುತ್ತಾ ಕೂತೆ.

ಹಳೇ ಮಾದರಿಯ ಬಸ್ ಅಂದ್ರೆ ಲಾರಿ ಚಾಸಿಸ್ ಮೇಲೆ ಕಟ್ಟಿದ್ದು. ನೆಲ ರಸ್ತೆಯಿಂದ ಸುಮಾರು ಒಂದು ಮೀಟರ್ ಮೇಲೆ. ಅದನ್ನು ಬಿಡಿ. ಲೋ ಫ್ಲೋರ್ ಬಸ್ಸಿನ ನೆಲ 400 ಮಿಲಿಮೀಟರ್ ಎತ್ತರದಲ್ಲಿರುತ್ತೆ. ವೀಲ್‌ಚೇರಿನವರು ತಾವೇ ಏರಿಹೋಗಲು ಹೇಳುವ ಇಳಿಜಾರು 1:12. ಅಂದ್ರೆ ಬಸ್ಸು ನಡುರಸ್ತೆಯಲ್ಲಿ ನಿಂತರೆ 4.8 ಮೀಟರ್ ಉದ್ದದ ರ‍್ಯಾಂಪ್ ಬೇಕು! ಅಷ್ಟುದ್ದದ ಹಲಗೆಯನ್ನು ಬಸ್ಸಿನಲ್ಲಿ ಎಲ್ಲಿ ಇಡೋದು?

ಅದೇ ಬಸ್ಸು 150 ಮಿ.ಮೀ. ಎತ್ತರದ ಫುಟ್‌ಪಾತಿಗೆ ಒತ್ತಿ ನಿಂತು, ಒಂದು ಕಡೆಗೆ 70 ಮಿ.ಮೀ. ಬಾಗಿದರೆ (ಇಂಥ ಎಷ್ಟೋ ಬಸ್ಸುಗಳು ಹಾಗೆ ಬಾಗುತ್ತವೆ) ಉಳಿಯೋದು ಬರೀ 180. ಹಿಂದಿನಿಂದ ಯಾರಾದರೂ ಒಂದು ಕೈ ಕೊಟ್ಟರೆ ಒಂದು ಮೀಟರಿನ ಹಲಗೆಯಲ್ಲೇ ಏರಬಹುದು. ಅದೇ ಬಸ್ಸು, ಅದೇ ಹಲಗೆ. ವ್ಯತ್ಯಾಸ ಇರೋದು ಡ್ರೈವರ್ ಎಲ್ಲಿ ನಿಲ್ಲಿಸಿದರು ಅನ್ನೋದರಲ್ಲಿ ಮಾತ್ರ.

ಡ್ರೈವರನ್ನೇ ಬೈದು ಏನು ಪ್ರಯೋಜನ? ಸ್ಟಾಪಿನ ಮುಂದೆ ನಾಲ್ಕು ಆಟೋ, ಎರಡು ಕಾರು ನಿಂತಿದ್ರೆ ಅವರು ಫುಟ್‌ಪಾತಿನ ಹತ್ತಿರ ಬರೋದು ಹೇಗೆ? ಬಂದರೂ, ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರ್ ಕೂತಿದ್ರೆ ವೀಲ್‌ಚೇರ್ ಅಲ್ಲಿಯವರೆಗೆ ಬರೋದು ಹೇಗೆ? ನಾವು ಕೋಡಿನಲ್ಲಿ ಬರೆಯೋ 'ಅಂಡ್' ಕಂಡೀಷನ್ ಥರ ಇದು. ಐದು ನಿಜವಾಗಿ ಒಂದು ಸುಳ್ಳಾದರೂ ಉತ್ತರ ಸುಳ್ಳೇ. ಕೋಟಿಗಟ್ಟಲೆ ಖರ್ಚು ಮಾಡಿ ಕೂರಿಸಿದ ಲಿಫ್ಟನ್ನು ಒಂದು ಪಾರ್ಕ್ ಮಾಡಿದ ಕಾರು ಸೋಲಿಸುತ್ತೆ.

ಕಾನೂನು ಇಲ್ಲ ಅಂತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಸೆಕ್ಷನ್ನಿನಲ್ಲಿ ಬಸ್ ಸ್ಟಾಪು, ರೈಲ್ವೆ ಸ್ಟೇಷನ್ನು, ಟಿಕೆಟ್ ಕೌಂಟರು ಎಲ್ಲಾ ಬರುತ್ತೆ. ಆದರೆ ನಿಯಮಗಳು ಬರೀ ಶಿಫಾರಸಿನ ಧಾಟಿಯಲ್ಲಿದ್ದವು. ಇದು ನಡೆಯಲ್ಲ, ಕಡ್ಡಾಯದ ನಿಯಮ ಮಾಡಿ ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಕೇಸಿನಲ್ಲಿ ಹೇಳಬೇಕಾಯ್ತು.

ಇದು ಕೆಲವರ ವಿಷಯ ಅನ್ನಬೇಡಿ. ಮಂಡಿನೋವಿನ ಅಜ್ಜಿ, ತುಂಬು ಬಸುರಿ, ಕಂಕುಳಲ್ಲಿ ಮಗು ಎತ್ತಿಕೊಂಡವರು, ಎಲ್ಲರಿಗೂ ಆ ಮೆಟ್ಟಿಲು ಅಡ್ಡವೇ.

ಹೊಸ ಬಸ್ಸು ತರೋದು ಸರ್ಕಾರದ ಕೈಲಿದೆ. ಸ್ಟಾಪಿನ ಮುಂದಿನ ಹನ್ನೆರಡು ಮೀಟರ್ ಖಾಲಿ ಬಿಡೋದು ನಮ್ಮ ಕೈಲಿದೆ. "ಎರಡೇ ನಿಮಿಷ" ಅಂತ ಅಲ್ಲಿ ಗಾಡಿ ನಿಲ್ಲಿಸೋ ಗೆಳೆಯರಿಗೆ ಹೇಳಿ ನೋಡಿ. ನಿಮ್ಮೂರಿನ ಸ್ಟಾಪುಗಳ ಕಥೆ ಏನು? ತಿಳಿಸ್ತೀರಲ್ಲ?