ಮಾತಿನಲ್ಲೇ ಗೆಲ್ಲುವ ಯುದ್ಧ

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಕ್ಕಿಂಜೆಯಲ್ಲಿ ವಿಚಾರಿಸಲಿಕ್ಕೆ ಉಳಿಯುವುದು ಎರಡೇ ವಿಷಯ: ಚಾರ್ಮಾಡಿ ಘಾಟಿ ಬಂದ್ ಆಯಿತಾ, ಎಲ್ಲಾದರೂ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಲೆ ಉಂಟಾ. ನನ್ನ ಅಳಿಯನಿಗೆ ಇವೆರಡೂ ಬೇಡ. ಅವನಿಗೆ ಕಂಪ್ಯೂಟರ್ ಗೇಮ್ ಸಾಕು.

“ಇದರಲ್ಲಿ ಹೊಡೆದಾಟ ಕಮ್ಮಿ ಮಾವ, ಓದುವುದೇ ಜಾಸ್ತಿ” ಎಂದ. ಹೌದೇ ಹೌದು. 1999ರಲ್ಲಿ ಅಮೆರಿಕದ ಬ್ಲ್ಯಾಕ್ ಐಲ್ ಸ್ಟುಡಿಯೋಸ್ ಹೊರತಂದ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ನಲ್ಲಿ ಸುಮಾರು 8 ಲಕ್ಷ ಪದಗಳಿವೆಯಂತೆ. ಹೆಸರೇ ಇಲ್ಲದ ನಾಯಕ ಹೆಣದ ಕೋಣೆಯಲ್ಲಿ ಎಚ್ಚರಗೊಳ್ಳುತ್ತಾನೆ. ಹಿಂದಿನದು ಯಾವುದೂ ನೆನಪಿಲ್ಲ. ಎದುರಿಗೆ ತೇಲಾಡುತ್ತಾ ವಟಗುಟ್ಟುವ ಒಂದು ತಲೆಬುರುಡೆ, ಥೇಟು ನಮ್ಮ ಹಾಸ್ಯಗಾರ. ನಾಯಕನಿಗೆ ಸಾವಿಲ್ಲ, ಅವನು ಸತ್ತಾಗಲೆಲ್ಲ ಬದಲಿಗೆ ಇನ್ಯಾರೋ ಸಾಯುತ್ತಾರೆ.

ಇದನ್ನು ಹೆಣೆದ ಕ್ರಿಸ್ ಅವೆಲೋನ್ ಓದಿಕೊಂಡವರು. ರೋಜರ್ ಜೆಲಾಜ್ನಿಯ ಆ್ಯಂಬರ್ ಕಾದಂಬರಿಗಳ ಪ್ರಭಾವವನ್ನು ಅವರೇ ಒಪ್ಪಿದ್ದಾರೆ. 1970ರಲ್ಲಿ ಬಂದ ಆ ಮಾಲೆಯ ಮೊದಲ ಪುಸ್ತಕದ ನಾಯಕನೂ ನೆನಪು ಕಳೆದುಕೊಂಡು ಆಸ್ಪತ್ರೆಯಲ್ಲಿ ಕಣ್ಣುಬಿಡುವವನೇ. ರೂಢಿಯನ್ನು ತಿರುಗಿಸುವುದೂ ಈ ಆಟದ ಚಾಳಿ. ಇಂಥ ಆಟಗಳಲ್ಲಿ ಇಲಿಯೆಂದರೆ ಎಳೆ ಆಟಗಾರನ ಕೈಪಳಗಿಸಲು ಬಿಟ್ಟ ಬಡಪಾಯಿ ಪ್ರಾಣಿ. ಇಲ್ಲಿಯ ಇಲಿಗಳೋ, ಗುಂಪು ದೊಡ್ಡದಾದಷ್ಟೂ ಬುದ್ಧಿವಂತವಾಗುತ್ತವೆ. ಮನುಷ್ಯರ ಸಭೆಗಳಲ್ಲಿ ಇದು ತಿರುಗುಮುರುಗು.

ನನಗೆ ಹಿಡಿಸಿದ್ದು ಅಡಾನ್‌ನ ಪ್ರಸಂಗ. ಹೆಸರು ಕೇಳಿದವರಿಗೆಲ್ಲ ನಾಯಕ ‘ಅಡಾನ್’ ಎಂದು ಸುಳ್ಳು ಹೇಳುತ್ತಾ ಹೋದರೆ, ಕೊನೆಗೊಂದು ದಿನ ಅಡಾನ್ ಎಂಬವನು ನಿಜವಾಗಿಯೇ ಹುಟ್ಟಿ ಎದುರು ಬಂದು ನಿಲ್ಲುತ್ತಾನೆ! ಅಳಿಯನಿಗೆ ಇದು ಚೋದ್ಯ. ತಾಳಮದ್ದಲೆ ಕೇಳಿದವನಿಗೆ ಏನು ಚೋದ್ಯ? ಅದರಲ್ಲಿ ಅರ್ಥ ಹೇಳುತ್ತಿದ್ದ ಶೇಣಿ ಗೋಪಾಲಕೃಷ್ಣ ಭಟ್ಟರಿಗೆ ಬಣ್ಣವಿರಲಿಲ್ಲ, ಕಿರೀಟವಿರಲಿಲ್ಲ. ಭಾಗವತರ ಪದ ಮುಗಿದು ಅವರು ಬಾಯಿ ತೆರೆದರೆ ಕೂತಲ್ಲೇ ವಾಲಿ ಹುಟ್ಟುತ್ತಿದ್ದ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ಅವನು ಕೇಳುವಾಗ, ರಾಮನ ಅರ್ಥ ಹೇಳುವವರು ಶಾಲು ಸರಿಪಡಿಸಿಕೊಳ್ಳಬೇಕಿತ್ತು.

ಒಂದು ವ್ಯತ್ಯಾಸವುಂಟು. ವಾಲಿ ವಾದದಲ್ಲಿ ಗೆದ್ದರೂ ಪ್ರಸಂಗದ ಪ್ರಕಾರ ಸಾಯಲೇಬೇಕು. ಆಟದಲ್ಲಿ ಹಾಗಲ್ಲ, ಕಡೆಯ ವೈರಿಯನ್ನೂ ಕತ್ತಿ ಎತ್ತದೆ ಮಾತಿನಲ್ಲೇ ಮಣಿಸಬಹುದು, ಬುದ್ಧಿ ವಿವೇಕಗಳ ಅಂಕ ಸಾಕಷ್ಟಿದ್ದರೆ.

“ಹಾಗಾದರೆ ನಮ್ಮ ಅರ್ಥಧಾರಿಗಳು ಇದನ್ನು ಸುಲಭದಲ್ಲಿ ಗೆಲ್ಲುತ್ತಾರೆ ಅಲ್ವಾ ಮಾವ?”

ಖಂಡಿತಾ ಇಲ್ಲ ಮಾರಾಯ. ಕಂಪ್ಯೂಟರ್ ಐದು ಉತ್ತರ ಕೊಟ್ಟು ಒಂದನ್ನು ಆರಿಸಿ ಎನ್ನುತ್ತದೆ. ಅವರು ಆರನೆಯದನ್ನು ಹೇಳಲು ಹೊರಡುತ್ತಾರೆ, ಅದೂ ಮುಕ್ಕಾಲು ಗಂಟೆ.